ಬೆನ್ನಿಗೂ ಬ್ಯಾಗಿಗೂ ನಡುವಿನ ನಾಲ್ಕು ಬೆರಳು

ಮೇ ತಿಂಗಳ ಕೊನೆಗೆ ಬ್ಯಾಗಿನ ಅಂಗಡಿಗೆ ಹೋದರೆ ‘ಆರ್ಥೋಪೆಡಿಕ್’ ಎಂದು ಚೀಟಿ ಅಂಟಿಸಿಕೊಂಡ ಒಂದಷ್ಟು ಬ್ಯಾಗುಗಳು ಮುಂದಿನ ಸಾಲಿನಲ್ಲೇ ತೂಗಾಡುತ್ತಿರುತ್ತವೆ. ಹಿಂಭಾಗಕ್ಕೆ ಎರಡು ಉಬ್ಬು ಸ್ಪಂಜು, ಅದರ ಮೇಲೊಂದು ಬಲೆ ಬಟ್ಟೆ. ಬೆವರು ಆರಲು, ಜಾಮಿಟ್ರಿ ಬಾಕ್ಸಿನ ಮೂಲೆ ಬೆನ್ನಿಗೆ ಚುಚ್ಚದಿರಲು ಸ್ಪಂಜು ಒಳ್ಳೆಯದೇ. ಆದರೆ ಪಟ್ಟಿಯನ್ನು ಉದ್ದ ಬಿಟ್ಟು, ಬ್ಯಾಗನ್ನು ಕುಂಡಿಯ ಮೇಲೆ ಕುಣಿಸುತ್ತಾ ನಡೆಯುವ ಹುಡುಗನಿಗೆ ಆ ಸ್ಪಂಜು ತಾಗುವುದೇ ಇಲ್ಲ. ಬೆನ್ನಿಗೂ ಬ್ಯಾಗಿಗೂ ನಡುವೆ ನಾಲ್ಕು ಬೆರಳು ತೂರುವಷ್ಟು ಜಾಗ. ನನ್ನ ಪ್ರಕಾರ ಹೈಸ್ಕೂಲ್ ಬ್ಯಾಗಿನ ವಿಜ್ಞಾನವೆಲ್ಲ ಇರುವುದು ಆ ಜಾಗದಲ್ಲಿ.

ತೂಕದ ಮಾತು ಬೇಗ ಮುಗಿಸೋಣ. ಕರ್ನಾಟಕ ಸರ್ಕಾರದ 2019ರ ಸುತ್ತೋಲೆಯಂತೆ 6ರಿಂದ 8ನೇ ತರಗತಿಗೆ 3ರಿಂದ 4 ಕೆ.ಜಿ., 9 ಮತ್ತು 10ಕ್ಕೆ 4ರಿಂದ 5 ಕೆ.ಜಿ. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ 9–10ನೇ ತರಗತಿಗೆ ಎರಡೂವರೆಯಿಂದ ನಾಲ್ಕೂವರೆ ಕೆ.ಜಿ. ಎನ್ನುತ್ತದೆ. ಎರಡರ ಹಿಂದಿರುವುದೂ ಮಗುವಿನ ತೂಕದ ಶೇಕಡಾ 10 ಎಂಬ ಲೆಕ್ಕ. ಇದೊಂದು ಅಂದಾಜಿನ ಗೆರೆ. ಶೇಕಡಾ 11 ಆದ ತಕ್ಷಣ ಮೂಳೆ ಮುರಿಯುವುದಿಲ್ಲ. ಹಾಗೆಂದು ಬೆನ್ನ ಮೇಲೆ ಎಷ್ಟಿದೆ ಎಂದು ತೂಗಿಯೇ ನೋಡದಿರುವುದೂ ಸರಿಯಲ್ಲ. ತೂಕದ ಯಂತ್ರದ ಮೇಲೆ ಬ್ಯಾಗಿನ ಸಮೇತ ಒಮ್ಮೆ, ಬ್ಯಾಗಿಲ್ಲದೆ ಒಮ್ಮೆ ನಿಲ್ಲಿಸಿ ಕಳೆದರೆ ಸಾಕು.

ಈ ಚರ್ಚೆಯನ್ನು ಸಂಸತ್ತಿನಲ್ಲಿ ಎತ್ತಿದ್ದು ಮೈಸೂರಿನ ಆರ್.ಕೆ. ನಾರಾಯಣ್. 1989ರಲ್ಲಿ ರಾಜ್ಯಸಭೆಯಲ್ಲಿ ಮಾತಾಡುತ್ತಾ, ಹೊರೆ ಹೊತ್ತ ಮಕ್ಕಳು ಚಿಂಪಾಂಜಿಯಂತೆ ಬಾಗಿ, ತೋಳು ಮುಂದಕ್ಕೆ ಇಳಿಬಿಟ್ಟು ನಡೆಯುತ್ತಾರೆ ಎಂದರು. 1992ರಲ್ಲಿ ಭೌತವಿಜ್ಞಾನಿ ಯಶ್‌ಪಾಲ್ ಅವರ ಸಮಿತಿ ರಚನೆಯಾಯಿತು. ಮರುವರ್ಷ ಬಂದ ಅದರ ವರದಿ, ಪುಸ್ತಕದ ಭಾರಕ್ಕಿಂತ ಅರ್ಥವಾಗದ ಪಾಠದ ಭಾರವೇ ಹೆಚ್ಚು ಎಂದಿತು. ಅದು ಬೇರೆಯೇ ಚರ್ಚೆ. ನನಗೆ ಬೇಕಿರುವುದು ಆ ಚಿಂಪಾಂಜಿ. ಬೆನ್ನ ಹಿಂದೆ ಭಾರ ಹೊತ್ತವರು ಮುಂದಕ್ಕೇಕೆ ಬಾಗಬೇಕು?

ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿಕೊಂಡು ಅರ್ಧ ಮೈಲಿ ನಡೆಯಬಹುದು, ಅದೇ ಕೊಡವನ್ನು ಕೈ ಚಾಚಿ ಹಿಡಿದರೆ ಹತ್ತು ಎಣಿಸುವುದರೊಳಗೆ ತೋಳು ನಡುಗುತ್ತದೆ. ನೀರು ಹೆಚ್ಚಾಗಲಿಲ್ಲ, ದೂರ ಹೆಚ್ಚಾಯಿತು. ಬಾವಿಯಿಂದ ನೀರೆತ್ತುವ ಹಳೆಯ ಏತವನ್ನು ನೆನೆಸಿಕೊಳ್ಳಿ: ಅಡ್ಡಮರದ ಮೇಲೆ ಆಳು ಅತ್ತ ನಾಲ್ಕು ಹೆಜ್ಜೆ ಇಟ್ಟರೆ ಬಾನಿ ಏಳುತ್ತದೆ, ಇತ್ತ ಬಂದರೆ ಇಳಿಯುತ್ತದೆ. ಆಳು ಅವನೇ, ತೂಕವೂ ಅಷ್ಟೇ. ಮಿಲ್ಲಿನಲ್ಲಿ ಮೂಟೆ ತೂಗುವ ಹಳೇ ತಕ್ಕಡಿಯಲ್ಲಿ ಪುಟ್ಟ ತೂಕದ ಬಟ್ಟೊಂದನ್ನು ಕಂಬಿಯ ಮೇಲೆ ಸರಿಸಿಯೇ ಕ್ವಿಂಟಾಲ್ ಭಾರವನ್ನು ಸರಿದೂಗಿಸುತ್ತಾರೆ. ಭೌತವಿಜ್ಞಾನ ಇದನ್ನು ಟಾರ್ಕ್, ತಿರುಚುಬಲ ಎಂದೆಲ್ಲ ಕರೆಯಲಿ. ಲೆಕ್ಕ ಮಾತ್ರ ಭಾರ ಗುಣಿಸು ದೂರ.

ಈಗ 45 ಕೆ.ಜಿ. ತೂಗುವ ಹುಡುಗಿಯ ಬೆನ್ನಿಗೆ ನಾಲ್ಕೂವರೆ ಕೆ.ಜಿ. ಬ್ಯಾಗು ಹಾಕೋಣ. ಪಟ್ಟಿ ಬಿಗಿಯಾಗಿದ್ದು, ದಪ್ಪ ಪುಸ್ತಕಗಳು ಬೆನ್ನಿಗೆ ಅಂಟಿದ್ದರೆ ಬ್ಯಾಗಿನ ಗುರುತ್ವಕೇಂದ್ರ ಬೆನ್ನುಮೂಳೆಯ ಗೆರೆಯಿಂದ ಸುಮಾರು 12 ಸೆಂ.ಮೀ. ಹಿಂದಿರುತ್ತದೆ ಎನ್ನೋಣ. ಗುಣಲಬ್ಧ 54. ಪಟ್ಟಿ ಸಡಿಲಿಸಿ, ಟಿಫನ್ ಬಾಕ್ಸು, ನೀರಿನ ಬಾಟಲಿಗಳನ್ನು ಹೊರಗಿನ ಖಾನೆಗೆ ತುರುಕಿದರೆ ಅದು 20 ಸೆಂ.ಮೀ.ಗೆ ಸರಿದು ಗುಣಲಬ್ಧ 90 ಆಗುತ್ತದೆ. ಒಂದು ಪುಸ್ತಕವನ್ನೂ ಸೇರಿಸದೆ ಹಿಂದಕ್ಕೆಳೆಯುವ ಶಕ್ತಿ ಒಂದೂ ಮುಕ್ಕಾಲು ಪಟ್ಟಿನ ಹತ್ತಿರ ಬಂತು. ಬೀಳದಿರಬೇಕಾದರೆ ಮುಂದೊಂದು ಬಟ್ಟು ಬೇಕು, ಆ ಬಟ್ಟು ಅವಳ ಮೈಯೇ. ಸೊಂಟದಿಂದ ಮೇಲಿನ ಸುಮಾರು 27 ಕೆ.ಜಿ. ದೇಹ ಮೊದಲ ಲೆಕ್ಕದಲ್ಲಿ 2 ಸೆಂ.ಮೀ., ಎರಡನೆಯದರಲ್ಲಿ 3 ಸೆಂ.ಮೀ.ಗೂ ಹೆಚ್ಚು ಮುಂದೆ ಸರಿಯಬೇಕು. ಮೈ ಬಾಗಿದರೆ ಕಣ್ಣು ನೆಲ ನೋಡುತ್ತದೆ. ದಾರಿ ಕಾಣಲು ಗದ್ದ ಎತ್ತುತ್ತಾಳೆ, ಕುತ್ತಿಗೆಯ ಹಿಂಭಾಗದ ಸ್ನಾಯುಗಳು ದಾರಿಯುದ್ದಕ್ಕೂ ಹಗ್ಗ ಜಗ್ಗಿದಂತೆ ಬಿಗಿಯುತ್ತವೆ. ಸಂಜೆ ‘ಕುತ್ತಿಗೆ ನೋವು’ ಅನ್ನುವುದು ಇದಕ್ಕೇ. ಪಕ್ಕದಿಂದ ಒಂದು ಫೋಟೊ ತೆಗೆದು ನೋಡಿ: ಕಿವಿ ಹೆಗಲ ನೇರಕ್ಕಿದ್ದರೆ ಸರಿ, ಕಿವಿ ಮುಂದೆ ಹೋಗಿದ್ದರೆ ಪಟ್ಟಿ ಎಳೆಯಿರಿ.

ತಲೆಯ ಮೇಲೆ ಹೊರುವವರಿಗೆ ಈ ಗುಣಾಕಾರದ ಕಾಟವಿಲ್ಲ, ದೂರ ಹೆಚ್ಚುಕಡಿಮೆ ಸೊನ್ನೆ. ಕೀನ್ಯಾದ ಲುವೊ ಬುಡಕಟ್ಟಿನ ಹೆಂಗಸರನ್ನು ಅಳೆದು 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೇಹತೂಕದ ಶೇಕಡಾ 20ರವರೆಗಿನ ಭಾರಕ್ಕೆ ಅವರು ಹೆಚ್ಚುವರಿ ಶಕ್ತಿಯನ್ನೇ ಖರ್ಚು ಮಾಡುತ್ತಿರಲಿಲ್ಲ. ಹಾಗಂತ ಹತ್ತನೇ ಕ್ಲಾಸಿನವರ ತಲೆಗೆ ಸಿಂಬೆ ಇಟ್ಟು ಬ್ಯಾಗು ಹೊರಿಸಿ ಎನ್ನುತ್ತಿಲ್ಲ.

ಸಿಂಬೆಯಿಂದ ಕಲಿಯುವುದು ಇನ್ನೊಂದಿದೆ. ಅದು ಕೊಡದ ಭಾರವನ್ನು ಅಗಲಕ್ಕೆ ಹಂಚುತ್ತದೆ. ಹೆಗಲ ಪಟ್ಟಿಯೂ ಅದನ್ನೇ ಮಾಡಬೇಕು. ಅಂಗಡಿಯಲ್ಲಿ ಪಟ್ಟಿಯನ್ನು ಹೆಬ್ಬೆರಳು–ತೋರುಬೆರಳ ನಡುವೆ ಒತ್ತಿ. ಎರಡು ಬೆರಳು ಸಲೀಸಾಗಿ ಸೇರಿದಂತಾದರೆ ಆ ಫೋಮು ಮೂರು ತಿಂಗಳಲ್ಲಿ ಹಗ್ಗವಾಗುತ್ತದೆ. ಐದಾರು ಸೆಂ.ಮೀ. ಅಗಲ ಬೇಕು. ಕಿರಿದಾದ ಪಟ್ಟಿ ಹೆಗಲ ಸಂದಿನಲ್ಲಿ ಕೈಗೆ ಹೋಗುವ ನರಗಳ ಗೊಂಚಲನ್ನು ಒತ್ತಿ ಬೆರಳು ಜುಮ್ಮೆನ್ನಿಸುತ್ತದೆ.

ಇನ್ನು ಮೂಢನಂಬಿಕೆಗಳು. ಬ್ಯಾಗು ಹೊತ್ತರೆ ಕುಳ್ಳಾಗುತ್ತಾರೆ ಎಂಬುದು ಮೊದಲನೆಯದು. ಬೆನ್ನಿನ ಬಿಲ್ಲೆಗಳು ಹಗಲಲ್ಲಿ ನೀರು ಹಿಂಡಿಕೊಂಡು ಎಲ್ಲರ ಎತ್ತರವೂ ಸಂಜೆಗೆ ಚೂರು ಇಳಿಯುತ್ತದೆ, ಮಲಗಿದಾಗ ಮರಳುತ್ತದೆ. ಅದಕ್ಕೂ ಬೆಳವಣಿಗೆಗೂ ಸಂಬಂಧವಿಲ್ಲ. ಬೆನ್ನುಮೂಳೆ ಶಾಶ್ವತವಾಗಿ ಸೊಟ್ಟಗಾಗುತ್ತದೆ ಎಂಬುದು ಎರಡನೆಯದು. ಸ್ಕೋಲಿಯೋಸಿಸ್ ಎಂಬ ಆ ತೊಂದರೆ ಹೆಚ್ಚಾಗಿ ಕಾಣುವುದು ಮಕ್ಕಳು ಸರ್ರನೆ ಬೆಳೆಯುವ ವಯಸ್ಸಿನಲ್ಲಿ. ಬ್ಯಾಗು ಭಾರವಾಗುವುದೂ ಅದೇ ವಯಸ್ಸಿನಲ್ಲಿ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಗಂಟು ಹಾಕಿದ್ದಾರೆ. ಇದರಲ್ಲೊಂದು ಅಪಾಯವಿದೆ: ಬ್ಯಾಗಿಲ್ಲದಾಗಲೂ ಒಂದು ಹೆಗಲು ಎತ್ತರ ಕಂಡರೆ, ಮುಂದೆ ಬಗ್ಗಿದಾಗ ಪಕ್ಕೆಲುಬು ಒಂದೇ ಕಡೆ ಉಬ್ಬಿದ್ದರೆ, ‘ಬ್ಯಾಗಿನಿಂದ ಆಗಿದ್ದು, ರಜೆಯಲ್ಲಿ ಸರಿಹೋಗುತ್ತೆ’ ಎಂದು ಸುಮ್ಮನಿದ್ದುಬಿಡುತ್ತಾರೆ. ಅದನ್ನು ಮೂಳೆ ವೈದ್ಯರಿಗೇ ತೋರಿಸಬೇಕು.

ಕೊಳ್ಳುವಾಗ ಮಗುವನ್ನು ಕರೆದುಕೊಂಡೇ ಹೋಗಿ. ಬ್ಯಾಗಿನ ಮೇಲಂಚು ಹೆಗಲ ಮಟ್ಟಕ್ಕಿರಲಿ, ತಳ ಸೊಂಟದಿಂದ ನಾಲ್ಕು ಇಂಚಿಗಿಂತ ಕೆಳಗಿಳಿಯದಿರಲಿ. 25ರಿಂದ 30 ಲೀಟರ್ ಧಾರಾಳ. 40 ಲೀಟರಿನದು ತಂದರೆ ಖಾಲಿ ಜಾಗ ಖಾಲಿ ಉಳಿಯುವುದಿಲ್ಲ, ಹೋದ ವರ್ಷದ ಗೈಡೂ ಸೇರಿಕೊಳ್ಳುತ್ತದೆ. ಖಾಲಿ ಬ್ಯಾಗೇ ಒಂದು ಕೆ.ಜಿ. ಇದ್ದರೆ ಬಿಟ್ಟುಬಿಡಿ. ಚೀಟಿಯ ಮೇಲಿನ ‘600 ಡಿ’ ಎಂದರೆ 600 ಡೀನಿಯರ್, ಅಂದರೆ ಆ ನೂಲು 9,000 ಮೀಟರಿಗೆ 600 ಗ್ರಾಂ ತೂಗುತ್ತದೆ. ಶಾಲೆಗೆ ಅದು ಸಾಕು. ಬಟ್ಟೆಗಿಂತ ಮೊದಲು ಕೈಕೊಡುವುದು ಹೊಲಿಗೆ. ಪಟ್ಟಿ ಬ್ಯಾಗಿಗೆ ಸೇರುವಲ್ಲಿ ಚೌಕ, ಅದರೊಳಗೆ ಅಡ್ಡಗೀಟು ಹೊಲಿಗೆ ಹಾಕಿದ್ದಾರೆಯೇ ಎಂದು ತಿರುಗಿಸಿ ನೋಡಿ. ಒಂದೇ ಸಾಲು ಹೊಲಿಗೆಯಿದ್ದರೆ ದಸರಾ ರಜೆಯ ಹೊತ್ತಿಗೆ ಅಲ್ಲೇ ಕಿತ್ತುಬರುತ್ತದೆ. ಒಳಗಿನ ರಬ್ಬರಿನಂಥ ಲೇಪನ ಮಲೆನಾಡಿನ, ಕರಾವಳಿಯ ತೇವಕ್ಕೆ ಸಿಪ್ಪೆ ಏಳುತ್ತದೆ, ಆದ್ದರಿಂದ ಜೂನ್‌ಗೆ ಬೇರೆ ರೇನ್ ಕವರ್ ಇಟ್ಟುಕೊಳ್ಳಿ.

ತುಂಬುವುದು ಟೈಮ್‌ಟೇಬಲ್ ನೋಡಿ, ರಾತ್ರಿಯೇ. ಲಾಂಗ್ ನೋಟ್‌ಬುಕ್ಕಿನ 60 ಜಿಎಸ್‌ಎಂ (ಚದರ ಮೀಟರಿಗೆ 60 ಗ್ರಾಂ) ಹಾಳೆ ಸುಮಾರು 2.75 ಗ್ರಾಂ, 200 ಪುಟ ಎಂದರೆ 100 ಹಾಳೆ, 275 ಗ್ರಾಂ. ಆರು ವಿಷಯಕ್ಕೆ ಆರು ಪುಸ್ತಕ ಹೊತ್ತರೆ 1.65 ಕೆ.ಜಿ. ನೂರು ಪುಟದವನ್ನು ತಂದರೆ ಅರ್ಧ ಇಳಿಯಿತು, ಬೈಂಡ್ ಹಾಕುವ ಕೆಲಸ ಮಾತ್ರ ಎರಡು ಪಟ್ಟು. ನೀರು ಲೀಟರಿಗೆ ಒಂದು ಕೆ.ಜಿ., ಇದರಲ್ಲಿ ರಿಯಾಯಿತಿಯಿಲ್ಲ. ಶಾಲೆಯಲ್ಲಿ ಒಳ್ಳೆಯ ನೀರಿದ್ದರೆ ಅರ್ಧ ಲೀಟರ್ ಒಯ್ದು ಅಲ್ಲೇ ತುಂಬಿಸಿಕೊಳ್ಳುವುದು ಜಾಣತನ.

ದೊಡ್ಡ ಪಠ್ಯಪುಸ್ತಕಗಳು ಬೆನ್ನಿನ ಕಡೆಗೆ, ನೆಟ್ಟಗೆ. ಅವುಗಳ ಮುಂದೆ ನೋಟ್‌ಬುಕ್, ಆಮೇಲೆ ರಫ್ ಬುಕ್ಕು. ಮಧ್ಯೆ ಸಂದಿ ಬಿಟ್ಟರೆ ಪುಸ್ತಕಗಳು ಜಾರಿ ಹೊರಕ್ಕೆ ವಾಲುತ್ತವೆ, ಮತ್ತೆ ಅದೇ ನಾಲ್ಕು ಬೆರಳು. ಮಡಚಿದ ಸ್ವೆಟರನ್ನು ಆ ಸಂದಿಗೆ ಬೆಣೆಯಂತೆ ಕೊಡಿ. ಟಿಫನ್ ಬಾಕ್ಸನ್ನು ಎರಡನೇ ಖಾನೆಯ ತಳದಲ್ಲಿ ಮಲಗಿಸದೆ ಕೂರಿಸಿ, ಕೆಳಗೊಂದು ಪ್ಲಾಸ್ಟಿಕ್ ಕವರ್ ಇರಲಿ. ಸಾಂಬಾರಿನ ಕಲೆ ಸಮಾಜ ವಿಜ್ಞಾನದ ನಕ್ಷೆಯಲ್ಲಿ ಹೊಸ ಖಂಡವನ್ನೇ ಸೃಷ್ಟಿಸುತ್ತದೆ. ಬಾಟಲಿ ಒಂದು ಪಕ್ಕಕ್ಕಾದರೆ ಕೊಡೆ ಇನ್ನೊಂದು ಪಕ್ಕಕ್ಕೆ. ಹಾಕಿಕೊಂಡ ಮೇಲೆ ಎರಡೂ ಪಟ್ಟಿಯ ತುದಿಯನ್ನು ಒಟ್ಟಿಗೆ ಕೆಳಕ್ಕೆ ಎಳೆಯಬೇಕು. ಅಂಗೈ ಬೆನ್ನ ಹಿಂದೆ ಕಷ್ಟಪಟ್ಟು ತೂರಿದರೆ ಬಿಗಿ ಸರಿಯಾಗಿದೆ.

ಜಿಪ್ಪು ಹಾಳಾಗುವುದಕ್ಕೂ ಕಾರಣ ತುಂಬುವ ರೀತಿಯೇ. ಬ್ಯಾಗು ಉಬ್ಬಿದಾಗ ಎರಡೂ ಕಡೆಯ ಹಲ್ಲನ್ನು ಅಡ್ಡಕ್ಕೆ ಎಳೆದು ರನ್ನರ್ ಓಡಿಸುತ್ತಾರೆ, ಅದರ ಬಾಯಿ ಕೂದಲೆಳೆಯಷ್ಟು ಅಗಲವಾಗುತ್ತದೆ. ಆಮೇಲೆ ರನ್ನರ್ ಮುಂದೆ ಹೋಗುತ್ತದೆ, ಹಿಂದೆ ಜಿಪ್ಪು ಬಾಯಿ ಬಿಡುತ್ತದೆ. ಹಲ್ಲು ನೆಟ್ಟಗಿದ್ದರೆ ರನ್ನರನ್ನು ಶುರುವಿನ ತುದಿಗೆ ತಂದು, ಮುಚ್ಚಿದ ಹಲ್ಲು ಹೊರಬರುವ ಕಡೆ ಅದರ ಎರಡು ಅಂಚನ್ನೂ ಇಕ್ಕಳದಿಂದ ಒಂದೊಂದಾಗಿ, ಚೂರೇ ಚೂರು ಅದುಮಿ. ಅದು ಎರಕದ ಲೋಹ, ಜೋರು ಮಾಡಿದರೆ ಪಟಕ್ಕೆಂದು ಬಿರಿಯುತ್ತದೆ. ಬಿರಿದರೆ ಬ್ಯಾಗ್ ರಿಪೇರಿಯವರ ಬಳಿ ಅದೇ ಅಳತೆಯ ರನ್ನರ್ ಸಿಗುತ್ತದೆ. ಹಳೆಯದನ್ನು ಕೈಯಲ್ಲೇ ಒಯ್ಯಿರಿ, ಅದರ ಹಿಂಬದಿಯಲ್ಲಿ ಅಳತೆಯ ಅಂಕಿ ಇರುವುದುಂಟು.