ಶೇ. 95ರ ನಿಖರತೆ ಮತ್ತು ಇಬ್ಬರು ಮಂಜೇಗೌಡರು

ಶೇ. 95ರಷ್ಟು ನಿಖರವಾಗಿ ಕೆಲಸ ಮಾಡುವ ಎಐ ತಂತ್ರಾಂಶವೊಂದನ್ನು ಸರ್ಕಾರ ಖರೀದಿಸಿತು ಎಂದುಕೊಳ್ಳೋಣ. ಒಂದು ತಾಲ್ಲೂಕಿನಲ್ಲಿ ಒಂದು ಲಕ್ಷ ಪಡಿತರ ಚೀಟಿಗಳಿದ್ದು, ಅವುಗಳಲ್ಲಿ ಒಂದು ಸಾವಿರ ನಕಲಿ ಎಂದೂ ಇಟ್ಟುಕೊಳ್ಳೋಣ. ಆ ಸಾವಿರದಲ್ಲಿ 950ನ್ನು ತಂತ್ರಾಂಶ ಹಿಡಿದುಕೊಡುತ್ತದೆ, ಮೆಚ್ಚಬೇಕಾದ ಕೆಲಸವೇ. ಆದರೆ ಉಳಿದ 99,000 ಸಾಚಾ ಚೀಟಿಗಳ ಮೇಲೂ ಅದು ಕಣ್ಣಾಡಿಸಬೇಕಲ್ಲ? ಅಲ್ಲಿಯೂ ಶೇ. 5ರಷ್ಟು ತಪ್ಪುತ್ತದೆ, ಅಂದರೆ 4,950 ಕುಟುಂಬಗಳಿಗೆ ನಕಲಿಯೆಂಬ ಹಣೆಪಟ್ಟಿ ಅಂಟುತ್ತದೆ. ಪಟ್ಟಿಯಲ್ಲಿ ಒಟ್ಟು 5,900 ಹೆಸರುಗಳು. ಸರಿಸುಮಾರು ಆರರಲ್ಲಿ ಐದು ನಿರಪರಾಧಿಗಳವು. ತಂತ್ರಾಂಶದವರು ಸುಳ್ಳು ಹೇಳಿಲ್ಲ, ಗಣಿತವೂ ತಪ್ಪಿಲ್ಲ. ಹುಡುಕುತ್ತಿರುವ ವಸ್ತು ವಿರಳವಾಗಿದ್ದಾಗ ಒಳ್ಳೆಯ ಯಂತ್ರವೂ ಹೀಗೆಯೇ ವರ್ತಿಸುತ್ತದೆ.

ಎಐ ಬಂದರೆ ಕಚೇರಿಗಳಲ್ಲಿ ತಪ್ಪೂ ಇರುವುದಿಲ್ಲ, ಲಂಚವೂ ಇರುವುದಿಲ್ಲ ಎಂಬ ಮಾತನ್ನು ವಿದ್ಯಾವಂತರೂ ಆಡುವುದನ್ನು ಕೇಳುವಾಗ, ಜಾತಕದ ಮೇಲಿನ ನಂಬಿಕೆ ಈಗ ಪರದೆಯ ಮೇಲಕ್ಕೆ ಸ್ಥಳಾಂತರಗೊಂಡಿದೆಯೇನೋ ಎಂದು ನನಗೆ ಅನಿಸುತ್ತದೆ. ರಾಜ್ಯ ಸರ್ಕಾರವೊಂದರ ತಂತ್ರಜ್ಞಾನದ ಚುಕ್ಕಾಣಿ ಹಿಡಿದ ಅಧಿಕಾರಿಯ ನಿಜವಾದ ತಲೆನೋವು ಬೇರೆಡೆ ಇದೆ. ಯಾವ ಎಐ ಕೊಳ್ಳಬೇಕು ಎಂಬುದು ಅದರಲ್ಲಿ ಸಣ್ಣ ಭಾಗ; ‘ಇದು ನಕಲಿ’ ಎಂಬ ಅನುಮಾನಕ್ಕೆ ಯಂತ್ರ ಕೊಡುವ ಅಂಕ ಎಷ್ಟಾದರೆ ಹೆಸರು ಪಟ್ಟಿ ಸೇರಬೇಕು ಎಂಬ ಗೆರೆಯನ್ನು ಎಲ್ಲಿ ಎಳೆಯಬೇಕು, ಆ ಗೆರೆಗೆ ಸಹಿ ಹಾಕುವವರು ಯಾರು ಎಂಬುದು ದೊಡ್ಡ ಭಾಗ.

ಗೆರೆ ಎಂದರೇನು ಎಂಬುದನ್ನು ನೋಡಲು ಹಾಸನದಲ್ಲೋ ಚಿಕ್ಕಮಗಳೂರಿನಲ್ಲೋ ಇರುವ ಯಾವುದಾದರೂ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ, ಅಂದರೆ ಕಾಫಿ ಬೀಜ ಬಿಡಿಸಿ ವಿಂಗಡಿಸುವ ಕಾರ್ಖಾನೆಗೆ, ಹೋಗಬಹುದು. ಅಲ್ಲಿನ ಬಣ್ಣ ವಿಂಗಡಿಸುವ ಯಂತ್ರದಲ್ಲಿ ಬೀಜಗಳು ಇಳಿಜಾರಿನ ಕಾಲುವೆಗಳಲ್ಲಿ ಸಾಲಾಗಿ ಜಾರುತ್ತವೆ. ಕ್ಯಾಮೆರಾ ಪ್ರತಿಯೊಂದರ ಬಣ್ಣವನ್ನು ಅಳೆಯುತ್ತದೆ. ಕಪ್ಪು ಬೀಜ ಕಂಡ ಕ್ಷಣದಲ್ಲಿ ಗಾಳಿಯ ಸಣ್ಣ ಚಿಮ್ಮು ಅದನ್ನು ಪಕ್ಕಕ್ಕೆ ಹಾರಿಸುತ್ತದೆ. ಗುಂಡಿ ತಿರುಗಿಸಿ ಯಂತ್ರದ ಸೂಕ್ಷ್ಮತೆಯನ್ನು ಹೆಚ್ಚಿಸಿದರೆ ಕಪ್ಪು ಬೀಜ ತಪ್ಪಿಸಿಕೊಳ್ಳುವುದಿಲ್ಲ, ಆದರೆ ತುಸು ಮಂಕಾದ ಒಳ್ಳೆಯ ಬೀಜಗಳೂ ತಿರಸ್ಕಾರದ ರಾಶಿಗೆ ಬೀಳುತ್ತವೆ. ತಗ್ಗಿಸಿದರೆ ಒಳ್ಳೆಯ ಬೀಜ ಉಳಿಯುತ್ತದೆ, ಜೊತೆಗೆ ಕಪ್ಪು ಬೀಜವೂ ಚೀಲ ಸೇರುತ್ತದೆ. ಎರಡೂ ತಪ್ಪುಗಳು ಏಕಕಾಲಕ್ಕೆ ಸೊನ್ನೆಯಾಗುವಂಥ ಜಾಗ ಆ ಗುಂಡಿಯ ಮೇಲೆ ಇಲ್ಲ, ಏಕೆಂದರೆ ಒಳ್ಳೆಯ ಬೀಜದ ಬಣ್ಣಗಳೂ ಕೆಟ್ಟ ಬೀಜದ ಬಣ್ಣಗಳೂ ನಡುವೆ ಒಂದರ ಮೇಲೊಂದು ಹೊದ್ದುಕೊಂಡಿರುತ್ತವೆ. ಗುಂಡಿಯನ್ನು ಎಲ್ಲಿ ನಿಲ್ಲಿಸಬೇಕೆಂದು ನಿರ್ಧರಿಸುವುದು ಯಂತ್ರ ತಯಾರಿಸಿದವನ ಕೆಲಸವಲ್ಲ. ಈ ಲಾಟು ಯಾರಿಗೆ ಹೋಗುತ್ತದೆ, ಒಂದು ಕಪ್ಪು ಬೀಜಕ್ಕೆ ಕೊಳ್ಳುವವರು ಎಷ್ಟು ಮುನಿಯುತ್ತಾರೆ ಎಂದು ಬಲ್ಲ ಮಾಲೀಕರ ಕೆಲಸ. ಯಂತ್ರದ ನಂತರವೂ ಕೈಯಿಂದ ಆರಿಸುವ ಹೆಂಗಸರನ್ನು ಇಟ್ಟುಕೊಳ್ಳುವ ಕಾರ್ಖಾನೆಗಳು ಈ ಕಾರಣಕ್ಕೇ ಇವೆ. ಒಳ್ಳೆಯ ಬೀಜ ಕಸಕ್ಕೆ ಹೋದರೆ ನಷ್ಟ ಕೆಲವು ರೂಪಾಯಿ. ಪಡಿತರ ಚೀಟಿಯ ಲೆಕ್ಕ ರೂಪಾಯಿಯಲ್ಲಿ ಮುಗಿಯುವುದಿಲ್ಲ.

ಅಮೆರಿಕದ ಮಿಷಿಗನ್ ರಾಜ್ಯ ಆ ಕೈ ಆರಿಸುವ ಹಂತವನ್ನೇ ತೆಗೆದುಹಾಕಿ ನೋಡಿತು. ನಿರುದ್ಯೋಗ ಭತ್ಯೆಯಲ್ಲಿನ ವಂಚನೆಯನ್ನು ಪತ್ತೆ ಮಾಡಲು 2013ರಲ್ಲಿ ‘ಮಿಡಾಸ್’ ಎಂಬ ವ್ಯವಸ್ಥೆಯನ್ನು ಅಲ್ಲಿನ ಸರ್ಕಾರ ಜಾರಿಗೆ ತಂದಿತು, ಜೊತೆಗೆ ಸಿಬ್ಬಂದಿಯನ್ನೂ ಕಡಿತಗೊಳಿಸಿತು. 2015ರವರೆಗೆ ಸುಮಾರು 40,000 ಜನರ ಮೇಲೆ ಅದು ತಪ್ಪಾಗಿ ವಂಚನೆಯ ಆರೋಪ ಹೊರಿಸಿತು. ಪಡೆದ ಭತ್ಯೆಯ ಜೊತೆಗೆ ಅದರ ನಾಲ್ಕು ಪಟ್ಟು ದಂಡವನ್ನೂ ಕೇಳಿತು. ಮನುಷ್ಯರ ಕೈ ಸೋಕದೆ ಯಂತ್ರವೊಂದೇ ತೀರ್ಮಾನಿಸಿದ್ದ 22,000ಕ್ಕೂ ಹೆಚ್ಚು ಪ್ರಕರಣಗಳನ್ನು ಮರುಪರಿಶೀಲಿಸಿದಾಗ ಶೇ. 93ರಷ್ಟು ತಪ್ಪಾಗಿದ್ದವು. ನಮ್ಮ ನೆರೆಯ ತೆಲಂಗಾಣದಲ್ಲಿ ಹಲವು ಇಲಾಖೆಗಳ ಮಾಹಿತಿಯನ್ನು ಒಂದೇ ವ್ಯಕ್ತಿಗೆ ಜೋಡಿಸುವ ‘ಸಮಗ್ರ ವೇದಿಕ’ ಎಂಬ ವ್ಯವಸ್ಥೆಯಿದೆ. ಆ ರಾಜ್ಯದಲ್ಲಿ ಲಕ್ಷಾಂತರ ಪಡಿತರ ಚೀಟಿಗಳು ರದ್ದಾದ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಸ್ಥಳಕ್ಕೆ ತೆರಳಿ ಮರುಪರಿಶೀಲಿಸುವಂತೆ ನ್ಯಾಯಾಲಯವು 2022ರಲ್ಲಿ ಸೂಚಿಸಬೇಕಾಯಿತು.

ಈ ಜೋಡಣೆಯ ವಿಜ್ಞಾನವೇ ನನಗೆ ಅತ್ಯಂತ ಕುತೂಹಲದ ವಿಷಯ. ಎರಡು ಕಡತಗಳಲ್ಲಿರುವ ಎರಡು ಹೆಸರುಗಳು ಒಬ್ಬರದ್ದೇ ಎಂದು ಯಂತ್ರಕ್ಕೆ ಹೇಗೆ ತಿಳಿಯುತ್ತದೆ? ಪ್ರಶ್ನೆ ಹೊಸದಲ್ಲ. 1918ರಲ್ಲಿ ರಾಬರ್ಟ್ ರಸೆಲ್ ಎಂಬ ಅಮೆರಿಕನ್ ಪೇಟೆಂಟ್ ಪಡೆದ ‘ಸೌಂಡೆಕ್ಸ್’ ವಿಧಾನದಲ್ಲಿ ಹೆಸರಿನ ಮೊದಲ ಅಕ್ಷರವನ್ನು ಉಳಿಸಿಕೊಂಡು, ಒಂದೇ ಬಗೆಯಾಗಿ ಕೇಳಿಸುವ ವ್ಯಂಜನಗಳಿಗೆ ಒಂದೇ ಅಂಕಿ ಕೊಡಲಾಗುತ್ತಿತ್ತು. 1930ರ ದಶಕದಲ್ಲಿ ಆ ದೇಶದಲ್ಲಿ ಪಿಂಚಣಿ ಯೋಜನೆ ಬಂದು, ಜನ್ಮಪತ್ರವಿಲ್ಲದ ವೃದ್ಧರು ವಯಸ್ಸನ್ನು ಸಾಬೀತುಪಡಿಸಬೇಕಾಗಿ ಬಂದಾಗ, 1880ರ ಜನಗಣತಿಯಲ್ಲಿ ಮಕ್ಕಳಾಗಿದ್ದ ಅವರ ಹೆಸರುಗಳನ್ನು ಹುಡುಕಲು ಗುಮಾಸ್ತರು ಇದೇ ವಿಧಾನದಿಂದ ಸೂಚಿ ತಯಾರಿಸಿದರು. ನಂತರ 1965ರಲ್ಲಿ ಸೋವಿಯತ್ ಗಣಿತಜ್ಞ ವ್ಲಾದಿಮಿರ್ ಲೆವೆನ್‌ಶ್ಟೈನ್ ಇನ್ನೂ ಸರಳವಾದ ಅಳತೆಯೊಂದನ್ನು ಕೊಟ್ಟರು: ಒಂದು ಪದವನ್ನು ಇನ್ನೊಂದಾಗಿ ಬದಲಿಸಲು ಎಷ್ಟು ಅಕ್ಷರಗಳನ್ನು ಸೇರಿಸಬೇಕು, ಅಳಿಸಬೇಕು ಅಥವಾ ಬದಲಿಸಬೇಕೋ ಅದೇ ಆ ಎರಡು ಪದಗಳ ನಡುವಣ ದೂರ.

ಇದನ್ನು ನಮ್ಮ ಹೆಸರುಗಳಿಗೆ ಅನ್ವಯಿಸಿ ನೋಡೋಣ. ಹಾಸನ ಜಿಲ್ಲೆಯ ನಾಡಕಚೇರಿಯೊಂದರಲ್ಲಿ ಪಹಣಿ–ಆಧಾರ್ ಜೋಡಣೆಗೆ ಬಂದಿದ್ದ ಹಿರಿಯರೊಬ್ಬರಿಗೆ ಕಂಪ್ಯೂಟರಿನ ಮುಂದಿದ್ದ ಹುಡುಗ ಹೇಳುತ್ತಿದ್ದ: “ಯಜಮಾನ್ರೇ, ಪಹಣೀಲಿ ಸಣ್ಣಮಂಜೇಗೌಡ ಅಂತಿದೆ, ಆಧಾರಲ್ಲಿ ಬರೀ ಮಂಜೇಗೌಡ. ಸಿಸ್ಟಮ್ ತಗೊಳ್ತಿಲ್ಲ.” ಅವರು ಕೋಪವಿಲ್ಲದೆ ಉತ್ತರಿಸಿದರು: “ಅಣ್ಣ ತಮ್ಮ ಇಬ್ರಿಗೂ ಮಂಜೇಗೌಡ ಅಂತ್ಲೇ ಹೆಸರು ಕಣಪ್ಪ. ದೊಡ್ಡೋನು ಹೋದ್ಮೇಲೆ ನನ್ನ ಇನ್ಯಾರು ಸಣ್ಣ ಅಂತಾರೆ?”

ಲೆವೆನ್‌ಶ್ಟೈನ್ ಅಳತೆಯನ್ನು ಕನ್ನಡದ ಅಕ್ಷರಗಳಿಗೆ ಹಾಕಿದರೆ, ಈ ಹಿರಿಯರ ಆಧಾರಿಗೂ ಅವರದೇ ಪಹಣಿಗೂ ಇರುವ ದೂರ ಎರಡು: ‘ಸ’ ಮತ್ತು ‘ಣ್ಣ’ ಸೇರಿಸಬೇಕು. ಅವರ ಆಧಾರಿಗೂ ತೀರಿಹೋದ ಅಣ್ಣನ ಪಹಣಿಗೂ ಇರುವ ದೂರವೂ ಎರಡೇ: ‘ದೊ’ ಮತ್ತು ‘ಡ್ಡ’. ಅಣ್ಣನ ಪಹಣಿಗೂ ತಮ್ಮನ ಪಹಣಿಗೂ ಮತ್ತೆ ಎರಡು. ಸಡಿಲವಾದ ಗೆರೆ ಎಳೆದರೆ ಇಬ್ಬರೂ ಒಬ್ಬರೇ ಆಗಿ, ಸತ್ತವರ ಜಮೀನು ಬದುಕಿರುವವರ ಲೆಕ್ಕಕ್ಕೆ ಸೇರಿ, ‘ಸಣ್ಣ ರೈತ’ ಎಂಬ ಅರ್ಹತೆಯೇ ತಪ್ಪಬಹುದು. ಬಿಗಿಯಾದ ಗೆರೆ ಎಳೆದರೆ ಮನುಷ್ಯನಿಗೂ ಅವನದೇ ಜಮೀನಿಗೂ ಸಂಬಂಧವಿಲ್ಲವಾಗುತ್ತದೆ. ತಂದೆಯ ಹೆಸರನ್ನು ಸೇರಿಸಿದರೂ ಬಿಡಿಸಲಾಗದು, ಅಣ್ಣತಮ್ಮಂದಿರಿಗೆ ತಂದೆ ಒಬ್ಬನೇ. ಮೊಮ್ಮಗನಿಗೆ ತಾತನ ಹೆಸರಿಡುವ ಊರುಗಳಲ್ಲಿ ಅಕ್ಷರಶಃ ಹೊಂದುವ ಹೆಸರುಗಳೂ ಬೇರೆ ಬೇರೆ ಜನರದ್ದಾಗಿರಬಹುದು. ಇನ್ನು ಇಂಗ್ಲಿಷಿಗೆ ಇಳಿದಾಗ ‘ಗೌಡ’ ಎಂಬುದನ್ನು ಓ-ಡಬ್ಲ್ಯೂ ಹಾಕಿ ಬರೆಯುವವರು, ಓ-ಯೂ ಹಾಕುವವರು, ಎ-ಯೂ ಹಾಕುವವರು ಒಂದೇ ಮನೆಯಲ್ಲಿ ಸಿಗುತ್ತಾರೆ. ಆಧುನಿಕ ಎಐ ಮಾದರಿಗಳು ಈ ಅಳತೆಯನ್ನು ಬಹಳ ಸುಧಾರಿಸಿವೆ ನಿಜ, ಆದರೆ ಅವು ಕೊಡುವುದೂ ಕೊನೆಗೆ ಒಂದು ಅಂಕವನ್ನೇ. ದಾಖಲೆಯಲ್ಲಿ ಇಲ್ಲದ ಸಂಗತಿಯನ್ನು ಅಂಕ ಹೇಳಲಾರದು. ಊರಿನ ಗ್ರಾಮ ಆಡಳಿತಾಧಿಕಾರಿ ಒಂದು ನಿಮಿಷದಲ್ಲಿ ಹೇಳಬಲ್ಲರು.

ದಾಖಲೆಯ ಗುಣಮಟ್ಟದ ಈ ಪಾಠವನ್ನು ಕರ್ನಾಟಕ ಬಹಳ ಹಿಂದೆಯೇ ಕಲಿತಿದೆ ಎಂಬುದನ್ನು ನಾವು ಮರೆಯುತ್ತಿದ್ದೇವೆ. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದ ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ರೂಪುಗೊಂಡಾಗ ಅದರ ಹೊಣೆ ಹೊತ್ತಿದ್ದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ. ತಂತ್ರಾಂಶ ರೂಪಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಹದಿನೈದು ರೂಪಾಯಿಗೆ ಪಹಣಿ ಸಿಗತೊಡಗಿದ್ದನ್ನು ಎಲ್ಲರೂ ನೆನೆಯುತ್ತಾರೆ. ನನಗೆ ಮುಖ್ಯವೆನಿಸುವುದು ಅಷ್ಟು ಸದ್ದು ಮಾಡದ ಮೂರು ನಿರ್ಧಾರಗಳು. ಗಣಕೀಕರಣ ಮುಗಿದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದುಪಡಿಸಿದರು, ಹಾಗಾಗಿ ಎರಡು ಸತ್ಯಗಳು ಉಳಿಯಲಿಲ್ಲ. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕಾಗಿತ್ತು, ಹಾಗಾಗಿ ಯಾರು ಏನು ಬದಲಿಸಿದರೆಂಬುದು ಉಳಿಯಿತು. ಮ್ಯುಟೇಷನ್, ಅಂದರೆ ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕಿತ್ತು, ಹಾಗಾಗಿ ಮೇಜಿನ ಅಡಿಯಿಂದ ಮುಂದೆ ಬರುವ ದಾರಿ ಕಿರಿದಾಯಿತು. ಈ ಮೂರಕ್ಕೂ ಬೇಕಿದ್ದದ್ದು ಆಡಳಿತದ ಗಟ್ಟಿತನ. ಕಂಪ್ಯೂಟರಿನ ಜಾಣತನಕ್ಕೆ ಅಲ್ಲಿ ಹೆಚ್ಚಿನ ಪಾತ್ರವಿರಲಿಲ್ಲ. ಹಾಗೆಂದು ಭೂಮಿ ಎಲ್ಲವನ್ನೂ ಸರಿಪಡಿಸಲಿಲ್ಲ: ಪುಸ್ತಕದಲ್ಲಿದ್ದ ತಪ್ಪುಗಳೂ ಕಂಪ್ಯೂಟರಿಗೆ ಬಂದವು, ಪೌತಿಯಾದವರ ಹೆಸರಿನಲ್ಲೇ ಉಳಿದ ಖಾತೆಗಳೂ ಬಂದವು.

ಹಳೆಯ ವ್ಯವಸ್ಥೆಗಳನ್ನು ಹೊಸದಾಗಿಸುವ ಕಷ್ಟ ಹೊರಗಿನವರಿಗೆ ಕಾಣುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್ ನಿರುದ್ಯೋಗ ಅರ್ಜಿಗಳ ಭಾರಕ್ಕೆ ತತ್ತರಿಸಿದ ನ್ಯೂಜೆರ್ಸಿ ರಾಜ್ಯದ ಗವರ್ನರ್ ಫಿಲ್ ಮರ್ಫಿ, 1959ರಲ್ಲಿ ಹುಟ್ಟಿದ ‘ಕೋಬಾಲ್’ ಎಂಬ ಕಂಪ್ಯೂಟರ್ ಭಾಷೆ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ನಮ್ಮ ಕೋಬಾಲ್ ಎಂದರೆ ಹಳೆಯ ಫಾಂಟುಗಳು. ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತ ಯೂನಿಕೋಡ್ ಬಳಕೆಗೆ ಬರುವ ಮೊದಲು ಕಚೇರಿಗಳಲ್ಲಿ ‘ನುಡಿ’, ‘ಬರಹ’ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತಗಳ ಒಳಗೆ ಕನ್ನಡವೇ ಇಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳ ಗೊಜ್ಜು. ಪರಿವರ್ತಿಸುವಾಗ ಎಡವುವ ಒಂದು ಒತ್ತು, ಒಂದು ಅರ್ಕಾವತ್ತು ಮುಂದೆ ಹೆಸರು ಹೊಂದದಿರಲು ಕಾರಣವಾಗುತ್ತದೆ. ಎಐ ಉತ್ಸಾಹಿಗಳ ಸಭೆಗಳಲ್ಲಿ ಈ ಮಾತು ಬರುವುದೇ ಇಲ್ಲ.

ಎಐ ನಿಜವಾಗಿ ಉಪಕಾರಿಯಾಗುವ ಜಾಗಗಳೂ ಇವೆ, ಮತ್ತು ಅವುಗಳಿಗೆ ಒಂದು ಸಮಾನ ಗುಣವಿದೆ: ತಪ್ಪಿದರೆ ತಕ್ಷಣ ಕಾಣುತ್ತದೆ, ಯಾರ ಹಕ್ಕೂ ಹೋಗುವುದಿಲ್ಲ. ತಹಸೀಲ್ದಾರ್ ಕಚೇರಿಗಳ ದಾಖಲೆ ಕೊಠಡಿಯಲ್ಲಿರುವ ಹಳೆಯ ಕಡತಗಳನ್ನು ‘ಭೂಸುರಕ್ಷಾ’ ಯೋಜನೆಯಲ್ಲಿ ಸ್ಕ್ಯಾನ್ ಮಾಡಲಾಗುತ್ತಿದೆ. ಕೈಬರಹ ಓದುವ ಯಂತ್ರ ಅಂಥ ರಾಶಿಯಿಂದ ಸರ್ವೆ ನಂಬರ್ ಹುಡುಕಿಕೊಟ್ಟರೆ, ಅದು ಸರಿಯೋ ತಪ್ಪೋ ಎಂದು ಪುಟ ತೆರೆದ ಗುಮಾಸ್ತರಿಗೆ ಗೊತ್ತಾಗುತ್ತದೆ. ಅದೇ ಯಂತ್ರ ಓದಿದ್ದನ್ನು ನೇರವಾಗಿ ಪಹಣಿಗೆ ಇಳಿಸಿದರೆ 4 ಗುಂಟೆ 9 ಗುಂಟೆಯಾದದ್ದು ಮುಂದಿನ ವ್ಯಾಜ್ಯದವರೆಗೆ ಕಾಣದು.

ಬೆಳೆ ಸಮೀಕ್ಷೆಯ ಕಥೆ ಇದಕ್ಕಿಂತ ಜಟಿಲ. ಸಮೀಕ್ಷೆಗೆಂದು ಗೊತ್ತುಮಾಡಿದ ಗ್ರಾಮದ ‘ಖಾಸಗಿ ನಿವಾಸಿ’ಗಳು ಮೊಬೈಲಿನಲ್ಲಿ ತೆಗೆದ ಚಿತ್ರಗಳಿಂದ ಬೆಳೆಯನ್ನು ಗುರುತಿಸುವುದು ಎಐಗೆ ಹೇಳಿ ಮಾಡಿಸಿದ ಕೆಲಸದಂತೆ ಕಾಣುತ್ತದೆ. ಆದರೆ ಒಂದೇ ಹಾಸನ ಜಿಲ್ಲೆಯಲ್ಲಿ ಅರಸೀಕೆರೆಯ ಒಣ ಬಯಲಿನ ರಾಗಿ, ತೆಂಗು ಇವೆ. ಸಕಲೇಶಪುರದಲ್ಲಿ ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸು, ಕೆಳಗೆ ಕಾಫಿ, ತಗ್ಗಿನಲ್ಲಿ ಏಲಕ್ಕಿ ಎಲ್ಲವೂ ಒಂದೇ ಚೌಕಟ್ಟಿನಲ್ಲಿ. ಚಿಕ್ಕಮಗಳೂರಿನಲ್ಲಿ ಕಡೂರು ಮತ್ತು ಮೂಡಿಗೆರೆಯ ಅಂತರವೂ ಹಾಗೆಯೇ. ಬಯಲಿನ ಚಿತ್ರಗಳಿಂದ ಕಲಿತ ಮಾದರಿ ಮಲೆನಾಡಿಗೆ ಬಂದಾಗ ತನಗೆ ತಿಳಿಯದೆಂದು ಹೇಳುವುದಿಲ್ಲ. ಪೂರ್ಣ ಆತ್ಮವಿಶ್ವಾಸದಿಂದ ತಪ್ಪು ಹೇಳುತ್ತದೆ. ಉಪಗ್ರಹ ಇದೆಯಲ್ಲ ಎನ್ನುವವರಿಗೆ ಒಂದು ಮಾತು: ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇರುವ ಕಾರಣಕ್ಕೆ ಹಾಸನದವರಿಗೆ ಉಪಗ್ರಹದ ಮೇಲೆ ಸಲಿಗೆ ಹೆಚ್ಚು, ಆದರೆ ಅಲ್ಲಿಂದ ನಿಯಂತ್ರಿಸುವುದು ಸುಮಾರು 36,000 ಕಿ.ಮೀ. ಎತ್ತರದ ಭೂಸ್ಥಿರ ಮತ್ತು ಭೂಸಮಕಾಲಿಕ ಉಪಗ್ರಹಗಳನ್ನು. ಹೊಲದ ಬೆಳೆ ನೋಡುವಂಥವು ಕೆಲವೇ ನೂರು ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಮುಂಗಾರಿನ ಮೋಡ ಅವುಗಳ ಕಣ್ಣು ಕಟ್ಟುತ್ತದೆ. ಮೋಡವನ್ನು ತೂರುವ ರೇಡಾರ್ ಉಪಗ್ರಹಗಳಿಗೂ ಅಡ್ಡ ಬರುವುದು ನೆರಳುಮರಗಳ ಎಲೆ. ತರಂಗ ಉದ್ದವಾದಷ್ಟೂ ಹೆಚ್ಚು ಒಳಹೊಗುತ್ತದೆ. 2025ರ ಜುಲೈ 30ರಂದು ಹಾರಿದ ನಿಸಾರ್ ಉಪಗ್ರಹದಲ್ಲಿ ಉದ್ದ ತರಂಗದ ಎಲ್-ಬ್ಯಾಂಡ್ ರೇಡಾರ್ ಇರುವುದು ಆ ದೃಷ್ಟಿಯಿಂದ ಒಳ್ಳೆಯ ಸುದ್ದಿ, ಆದರೂ ಮರದಡಿಯ ಗಿಡ ಕಾಫಿಯೋ ಕಳೆಯೋ ಎಂದು ಅದರಿಂದ ಕೇಳುವುದು ಅತಿಯಾಸೆ.

ಯಂತ್ರದ ತಪ್ಪು ಅಂಕಿಅಂಶಗಳಲ್ಲಿ ಸಾಧನೆಯಂತೆ ಕಾಣಬಹುದಾದ ಅಪಾಯವೂ ಇದೆ. 2012ರಿಂದ ಜಾರಿಯಲ್ಲಿರುವ ಸಕಾಲ ಕಾಯ್ದೆಯಡಿ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆದರೆ ಕಾಲಮಿತಿಯೊಳಗೆ ತಿರಸ್ಕರಿಸಿದರೆ ಅದೂ ವಿಲೇವಾರಿಯೇ. ಅರ್ಜಿಯನ್ನು ಕ್ಷಣಾರ್ಧದಲ್ಲಿ ತಿರಸ್ಕರಿಸುವ ಎಐ, ಜಿಲ್ಲೆಯ ಸಕಾಲ ಶ್ರೇಯಾಂಕವನ್ನು ಮೇಲಕ್ಕೇ ಒಯ್ಯುತ್ತದೆ. ಭೂಕಂದಾಯ ಕಾಯ್ದೆಯ ಮ್ಯುಟೇಷನ್ ಪದ್ಧತಿ ಇದಕ್ಕಿಂತ ಹಳೆಯದು ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ವಿವೇಕದ್ದು: ಮೊದಲು ನೋಟಿಸು, ತಕರಾರಿಗೆ ಕಾಲಾವಕಾಶ, ಆಮೇಲೆ ಆದೇಶ. ಯಂತ್ರ ಗುರುತಿಸಿದ ಹೆಸರೂ ನೋಟಿಸಿನ ಹಂತದಲ್ಲೇ ನಿಲ್ಲಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ, ವ್ಯಕ್ತಿಯ ಮೇಲೆ ಪರಿಣಾಮ ಬೀರುವ ನಿರ್ಧಾರಕ್ಕೆ ಬಳಸುವ ದತ್ತಾಂಶ ಪೂರ್ಣವೂ ನಿಖರವೂ ಆಗಿರಬೇಕಾದ ಹೊಣೆಯನ್ನು ಅದನ್ನು ಬಳಸುವವರ ಮೇಲೆಯೇ ಹೊರಿಸುತ್ತದೆ.

ಇವೆಲ್ಲವೂ ಬಂದು ನಿಲ್ಲುವುದು ಟೆಂಡರ್ ಪತ್ರದಲ್ಲಿ. ಅಲ್ಲಿ ‘ನಿಖರತೆ ಶೇ. 95’ ಎಂಬ ಒಂದೇ ಸಂಖ್ಯೆ ಕೇಳುವ ಇಲಾಖೆ, ಲೇಖನದ ಮೊದಲಿನ 4,950 ಕುಟುಂಬಗಳನ್ನು ಲೆಕ್ಕದಿಂದ ಬಿಟ್ಟುಬಿಟ್ಟಿರುತ್ತದೆ. ಅರ್ಹರಲ್ಲಿ ಎಷ್ಟು ಜನರನ್ನು ತಪ್ಪಾಗಿ ಹಿಡಿಯುತ್ತದೆ, ಅನರ್ಹರಲ್ಲಿ ಎಷ್ಟು ಜನರನ್ನು ಬಿಡುತ್ತದೆ ಎಂಬ ಎರಡು ಸಂಖ್ಯೆಗಳನ್ನು, ಅದೂ ಅರಸೀಕೆರೆಗೆ ಬೇರೆ, ಸಕಲೇಶಪುರಕ್ಕೆ ಬೇರೆಯಾಗಿ, ನಮ್ಮದೇ ದಾಖಲೆಗಳ ಮೇಲೆ ಪರೀಕ್ಷಿಸಿ ಕೊಡುವಂತೆ ಕೇಳಬೇಕು. ಗೆರೆಯನ್ನು ಸರಿಸುವ ಅಧಿಕಾರ ಕಂಪನಿಯ ಎಂಜಿನಿಯರಿನ ಲ್ಯಾಪ್‌ಟಾಪಿನಲ್ಲಿ ಇರಕೂಡದು, ಸರಿಸಿದಾಗಲೆಲ್ಲ ಮ್ಯುಟೇಷನ್ ದಾಖಲಿಸುವ ಎಂ.ಆರ್. ಪುಸ್ತಕದಲ್ಲಿ ಇರುವಂತೆ ದಿನಾಂಕ, ಕಾರಣ ಮತ್ತು ಸರ್ಕಾರಿ ಅಧಿಕಾರಿಯ ಸಹಿ ದಾಖಲಾಗಬೇಕು, ಏಕೆಂದರೆ ತಂತ್ರಜ್ಞಾನದ ಹುದ್ದೆಯಲ್ಲಿರುವ ಅಧಿಕಾರಿ ವರ್ಗವಾಗಿ ಹೋದ ಮೇಲೂ ಅವರು ಎಳೆದ ಗೆರೆ ಅರ್ಜಿಗಳನ್ನು ತಿರಸ್ಕರಿಸುತ್ತಲೇ ಇರುತ್ತದೆ.