ಟ್ರೇಯಿಂದ ಬೇಗ ಎತ್ತಿದ ಪ್ರಿಂಟಿಗೆ ಕಪ್ಪು ಎಲ್ಲಿಂದ ಬಂದೀತು?

ಕಾರವಾರ, ಅಂಕೋಲಾ ಕಡೆ ಬಚ್ಚಲುಮನೆಯನ್ನೇ ಡಾರ್ಕ್‌ರೂಮ್ (ಕಪ್ಪು-ಬಿಳುಪು ಫೋಟೋ ಪ್ರಿಂಟ್ ಮಾಡುವ ಕತ್ತಲೆ ಕೋಣೆ) ಮಾಡಿಕೊಂಡ ಹುಡುಗರು ಪ್ರಿಂಟ್ ತಂದು ತೋರಿಸಿ ಹೇಳುವುದು ಒಂದೇ: “ಸರ್, ಎಲ್ಲಾ ಬೂದಿ ಬೂದಿ. ನಾಲ್ಕನೇ ನಂಬರ್ ಫಿಲ್ಟರ್ ಹಾಕಿದ್ರೂ ಅಷ್ಟೇ.” ಡೆವಲಪರಿನಲ್ಲಿ, ಅಂದರೆ ಚಿತ್ರ ಮೂಡಿಸುವ ದ್ರಾವಣದಲ್ಲಿ, ಎಷ್ಟು ಹೊತ್ತು ಇಟ್ಟಿದ್ದೆ ಅಂತ ಕೇಳಿದರೆ, “ಕಪ್ಪಾಗ್ತಾ ಬಂತು, ತೆಗೆದ್ಬಿಟ್ಟೆ.”

ಆ ಫಿಲ್ಟರ್ ಇರುವುದು ಕಪ್ಪು-ಬಿಳುಪಿನ ಅಂತರ ಹೆಚ್ಚಿಸಲು. ಅದನ್ನು ಬದಲಿಸುವ ಮೊದಲು ದಯವಿಟ್ಟು ಈ ಚಟ ಬಿಡಿ. ಬೆಳಕು ಹೆಚ್ಚು ಬಿದ್ದ ಹಾಳೆ ಬೇಗ ಕಪ್ಪಾಗುತ್ತದೆ, ನಿಜ. ಆದರೆ ಅರ್ಧಕ್ಕೇ ಎತ್ತಿದರೆ ನೆರಳಿನ ಭಾಗ ಗಟ್ಟಿ ಕಪ್ಪು ಮುಟ್ಟಿರುವುದಿಲ್ಲ, ಬಿಳಿಯಾಗಿ ಉಳಿಯಬೇಕಾದಲ್ಲಿ ಆಗಲೇ ಬೂದು ಹತ್ತಿರುತ್ತದೆ. ಪ್ಲಾಸ್ಟಿಕ್ ಲೇಪದ ಆರ್‌ಸಿ ಕಾಗದಕ್ಕೆ 20 ಡಿಗ್ರಿಯಲ್ಲಿ 60ರಿಂದ 90 ಸೆಕೆಂಡ್, ಆ ಲೇಪವಿಲ್ಲದ ಫೈಬರ್ ಕಾಗದಕ್ಕೆ 2ರಿಂದ 3 ನಿಮಿಷ. ಬಾಟಲಿಯ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಗಡಿಯಾರ ನೋಡಿ ಪೂರ್ತಿ ಸಮಯ ಕೊಡಿ. ಆಗಲೂ ಅತಿ ಕಪ್ಪಾದರೆ ತಿದ್ದಬೇಕಾದದ್ದು ನೆಗೆಟಿವಿನ ಚಿತ್ರವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರಿನಲ್ಲಿ: ಲೆನ್ಸಿನ ಕಿಂಡಿಯನ್ನು f/8ರಿಂದ f/11ಕ್ಕೆ ಇಳಿಸಿ, ಬೆಳಕು ಅರ್ಧವಾಗುತ್ತದೆ. ಟ್ರೇಯಲ್ಲಿ ತಿದ್ದಲು ಹೋಗಬೇಡಿ.

ನಮ್ಮ ಕರಾವಳಿಯಲ್ಲಿ ಬೇಸಿಗೆಗೆ ಡೆವಲಪರ್ 30 ಡಿಗ್ರಿ ದಾಟುವುದು ಸಾಮಾನ್ಯ. ಚಿತ್ರ ದಡಬಡನೆ ಮೂಡುವುದರಿಂದಲೇ ಕೈ ಗಾಬರಿಯಾಗುವುದು. ಮೀನಿನ ಪೆಟ್ಟಿಗೆಗೆ ಹಾಕುವ ಐಸನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದೊಡ್ಡ ಟ್ರೇಯ ನೀರಿನಲ್ಲಿಟ್ಟು, ಅದರೊಳಗೆ ಡೆವಲಪರ್ ಟ್ರೇ ಇಡಿ. ಡೆವಲಪರಿಗೇ ಐಸ್ ಹಾಕಿದರೆ ದ್ರಾವಣ ತೆಳುವಾಗುತ್ತದೆ. ತೀರಾ ತಣ್ಣಗೆ, ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಡೆವಲಪರಿನಲ್ಲಿ ಗಟ್ಟಿ ಕಪ್ಪು ತರುವ ಹೈಡ್ರೋಕ್ವಿನೋನ್ ಕೆಲಸವನ್ನೇ ನಿಲ್ಲಿಸುತ್ತದೆ; ಮತ್ತೆ ಅದೇ ಬೂದಿ ಪ್ರಿಂಟ್.

ಇಷ್ಟಾದರೂ ಸರಿಯಾಗದಿದ್ದರೆ ಒಂದು ಹಾಳೆಯನ್ನು ಮೂರು ಪಟ್ಟಿ ಮಾಡಿ. ಒಂದನ್ನು ನೇರ ಫಿಕ್ಸರಿಗೆ (ಚಿತ್ರವನ್ನು ಕಾಯಂ ಮಾಡುವ ದ್ರಾವಣ) ಹಾಕಿ. ಎರಡನೆಯದನ್ನು ಎನ್‌ಲಾರ್ಜರ್ ಬೆಳಕಿಗೆ ಒಡ್ಡದೆ ಪೂರ್ತಿ ಡೆವಲಪ್ ಮಾಡಿ ಫಿಕ್ಸ್ ಮಾಡಿ. ಈ ಎರಡನ್ನು ಎತ್ತಿಟ್ಟು, ಮೂರನೆಯದಕ್ಕೆ ಕೋಣೆಯ ದೀಪ ತೋರಿಸಿ ಡೆವಲಪ್ ಮಾಡಿ. ಮೂರನೆಯದು ಗಟ್ಟಿ ಕಪ್ಪಾಗದಿದ್ದರೆ ಡೆವಲಪರ್ ಸತ್ತಿದೆ ಅಥವಾ ತೆಳುವಾಗಿದೆ. ಎರಡನೆಯದು ಮೊದಲನೆಯದಕ್ಕಿಂತ ಮಾಸಿದ್ದರೆ ಕಾಗದಕ್ಕೆ ಮಂಕು ಹಿಡಿದಿದೆ. ಪೂರ್ತಿ ಕತ್ತಲಲ್ಲಿ ಹೊಸ ಪಟ್ಟಿಯೊಂದಿಗೆ ಎರಡನೆಯ ಪರೀಕ್ಷೆಯನ್ನು ಮತ್ತೆ ಮಾಡಿ. ಈಗ ಬಿಳಿ ಬಂದರೆ ತಪ್ಪು ಡಾರ್ಕ್‌ರೂಮಿನ ದೀಪದ್ದು. ದೇವರ ಗೂಡಿನ ಕೆಂಪು ಬಲ್ಬ್ ನೋಡಲು ಕೆಂಪಗಿದ್ದ ಮಾತ್ರಕ್ಕೆ ಸೇಫ್‌ಲೈಟ್ (ಕಾಗದವನ್ನು ಕಪ್ಪಾಗಿಸದ ದೀಪ) ಆಗುವುದಿಲ್ಲ.

ಕತ್ತಲಲ್ಲೂ ಮಾಸಿದರೆ ಕಾಗದ ಹಳೆಯದು, ಇಲ್ಲವೇ ಸೆಕೆಗೆ ಕೆಟ್ಟದ್ದು. ಲೀಟರ್ ಡೆವಲಪರಿಗೆ ಮಂಕು ತಡೆಯುವ ಬೆಂಜೋಟ್ರಯಜೋಲ್‌ನ ಶೇ. 1ರ ದ್ರಾವಣ 10 ಮಿ.ಲೀ. ಸೇರಿಸಿ ನೋಡಬಹುದು. ತುಸು ಗುಣ ಕಂಡೀತು, ಎಕ್ಸ್‌ಪೋಷರ್ (ಕಾಗದದ ಮೇಲೆ ಬೀಳಿಸುವ ಬೆಳಕು) ಹೆಚ್ಚು ಬೇಕಾದೀತು. ತೀರಾ ಕೆಟ್ಟ ಕಾಗದಕ್ಕೆ ಮದ್ದಿಲ್ಲ.

ಮೂರೂ ಪಟ್ಟಿ ಸರಿಯಿದ್ದು ಪ್ರಿಂಟ್ ಮಾತ್ರ ಮಂಕಾಗಿದ್ದರೆ ಲೆನ್ಸ್ ಬಿಚ್ಚಿ ಟಾರ್ಚ್ ಹಿಡಿದು ನೋಡಿ. ಶಿರಸಿಯ ಮಳೆಗಾಲ ದಾಟಿದ ಲೆನ್ಸಿನೊಳಗೆ ಜೇಡರ ಬಲೆಯಂಥ ಬೂಸ್ಟು ಇದ್ದೀತು; ಬೆಳಕು ಅಲ್ಲೇ ಚದುರುತ್ತದೆ. ಲೆನ್ಸ್ ಶುಭ್ರವಾಗಿದ್ದು ನೆಗೆಟಿವೇ ತೆಳುವಾಗಿದ್ದರೆ, ಆಗ ನಾಲ್ಕನೇ ನಂಬರ್ ಫಿಲ್ಟರ್ ಹಾಕಿ.