ಟ್ರಾನ್ಸ್‌ಮಿಷನ್ ಓವರ್‌ಹೀಟ್: ಘಾಟಿಯಲ್ಲಿ ಗೇರ್ ಬಾಕ್ಸ್ ಯಾಕೆ ಬಿಸಿಯೇರುತ್ತದೆ?

ಪುಣೆಯಿಂದ ಧಾರವಾಡದ ಕಡೆ ಹೊರಟರೆ ಶಿರವಳ ದಾಟಿದ ಮೇಲೆ ಖಂಬಾಟ್ಕಿ ಘಾಟಿ ಸಿಗುತ್ತದೆ. ಹೋದ ಮೇ ತಿಂಗಳು ಮಧ್ಯಾಹ್ನ ಅಲ್ಲಿ ಲಾರಿಯೊಂದು ಏರಿನಲ್ಲೇ ಕೆಟ್ಟು ನಿಂತಿತ್ತು. ನಮ್ಮದು ಆಟೊಮ್ಯಾಟಿಕ್ ಕಾರು, ಒಳಗೆ ಐದು ಜನ, ಡಿಕ್ಕಿ ತುಂಬ ಮಾವಿನ ಪೆಟ್ಟಿಗೆ, ಏಸಿ ಫುಲ್. ಮುಕ್ಕಾಲು ಗಂಟೆ ಇಂಚಿಂಚಾಗಿ ಸರಿದ ಮೇಲೆ ಡ್ಯಾಶ್‌ಬೋರ್ಡಿನಲ್ಲಿ ‘ಟ್ರಾನ್ಸ್‌ಮಿಷನ್ ಓವರ್‌ಹೀಟ್’ ಅಂತ ಬಂತು. "ರೇಡಿಯೇಟರ್‌ಗೆ ನೀರು ಹಾಕಪ್ಪಾ" ಎಂದರು ಅಪ್ಪ. ಆದರೆ ಎಂಜಿನ್ ಬಿಸಿ ತೋರಿಸುವ ಮುಳ್ಳು ನಡುವಿನಲ್ಲೇ ಇತ್ತು. ಅಂದರೆ ಕಾದದ್ದು ಎಂಜಿನ್ ಅಲ್ಲ.

ಟ್ರಾನ್ಸ್‌ಮಿಷನ್ ಅಂದರೆ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಮುಟ್ಟಿಸುವ ವ್ಯವಸ್ಥೆ. ಎಂಜಿನ್ನನ್ನು ಗೇರ್ ಬಾಕ್ಸಿಗೆ ಜೋಡಿಸುವ, ಬಿಡಿಸುವ ಕ್ಲಚ್, ಗೇರ್ ಬಾಕ್ಸ್ ಎಲ್ಲ ಅದರಲ್ಲೇ ಬಂತು. ಅದು ಬಿಸಿಯಾಗುವುದಕ್ಕೆ ದೊಡ್ಡ ಕಾರಣ ಒಂದೇ: ಜಾರುವುದು. ಬಾವಿಯಿಂದ ನೀರು ಸೇದಿದವರಿಗೆ ಇದು ಚೆನ್ನಾಗಿ ಗೊತ್ತು. ಹಗ್ಗವನ್ನು ಬಿಗಿಯಾಗಿ ಹಿಡಿದರೆ ಕೈಗೆ ಏನೂ ಆಗಲ್ಲ, ಪೂರ್ತಿ ಬಿಟ್ಟರೂ ಏನೂ ಆಗಲ್ಲ, ಅರೆಬರೆ ಹಿಡಿದು ಹಗ್ಗ ಅಂಗೈಯಲ್ಲಿ ಜಾರಿತೋ, ಚುರ್ ಅಂತ ಸುಡುತ್ತದೆ. ಕ್ಲಚ್ಚೂ ಹಾಗೇ. ಕೈಯಲ್ಲಿ ಗೇರ್ ಹಾಕುವ ಕಾರಿನಲ್ಲಿ ಕ್ಲಚ್ ಪೆಡಲನ್ನು ಅರ್ಧ ಮಾತ್ರ ಬಿಟ್ಟು, ಅಂದರೆ ‘ಹಾಫ್ ಕ್ಲಚ್’ ಹಾಕಿ ಏರಿನಲ್ಲಿ ನಿಲ್ಲಿಸಿಕೊಂಡಾಗ ಸುಟ್ಟ ವಾಸನೆ ಬರುತ್ತದಲ್ವಾ, ಅದು ಕ್ಲಚ್ ಪ್ಲೇಟ್ ಜಾರಿ ಜಾರಿ ಕಾದ ವಾಸನೆ.

ಆಟೊಮ್ಯಾಟಿಕ್‌ನಲ್ಲಿ ಕ್ಲಚ್ ಪೆಡಲ್ ಇಲ್ಲ, ಹಾಗಂತ ಜಾರುವುದು ನಿಂತಿಲ್ಲ. ಎಎಂಟಿ (ಆಟೊಮೇಟೆಡ್ ಮ್ಯಾನುಯಲ್ ಟ್ರಾನ್ಸ್‌ಮಿಷನ್) ಕಾರಿನಲ್ಲಿ ಅದೇ ಹಳೆಯ ಕ್ಲಚ್ ಇರುತ್ತದೆ, ನಮ್ಮ ಕಾಲಿನ ಬದಲು ಯಂತ್ರ ಅದನ್ನು ಒತ್ತುತ್ತದೆ, ಅಷ್ಟೇ. ಡಿಸಿಟಿಯಲ್ಲಿ (ಡ್ಯುಯಲ್ ಕ್ಲಚ್ ಟ್ರಾನ್ಸ್‌ಮಿಷನ್) ಎರಡು ಕ್ಲಚ್, ಒಂದು 1, 3, 5ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಇದರಲ್ಲಿ ಎಣ್ಣೆಯಿಲ್ಲದ ಡ್ರೈ ಕ್ಲಚ್ ಇದ್ದರೆ ಬಿಸಿ ಹೋಗಬೇಕಾದ್ದು ಗಾಳಿಗೇ, ಹಾಗಾಗಿ ಘಾಟಿ ಜಾಮ್‌ನಲ್ಲಿ ಬೇಗ ಕಾಯುತ್ತದೆ. ವೆಟ್ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದರಿಂದ ಸ್ವಲ್ಪ ಜಾಸ್ತಿ ತಡೆಯುತ್ತದೆ. ಕ್ಲಚ್ಚಿನ ಜಾಗದಲ್ಲಿ ಟಾರ್ಕ್ ಕನ್ವರ್ಟರ್ ಇರುವ ಕಾರಿನಲ್ಲಿ ಬಲ ದಾಟುವುದೇ ಎಣ್ಣೆಯ ಮೂಲಕ. ವೇಗ ಕಡಿಮೆ, ಏರು ಜಾಸ್ತಿ ಇದ್ದಾಗ ಒಳಗಿನ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಿ ಎಣ್ಣೆಯನ್ನು ಕಡೆಯುತ್ತವೆ, ಆ ಕಡೆತಕ್ಕೆ ಎಣ್ಣೆ ಕಾಯುತ್ತದೆ. ಸಾಮಾನ್ಯವಾಗಿ ಈ ಎಣ್ಣೆ 80ರಿಂದ 95 ಡಿಗ್ರಿಯಲ್ಲಿ ಇರುತ್ತದೆ. 120 ದಾಟಿ ತುಂಬ ಹೊತ್ತು ಇದ್ದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ, ಬಜ್ಜಿ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದ ಹಾಗೆ ಕಪ್ಪಾಗಿ ಸುಟ್ಟ ವಾಸನೆ ಬರುತ್ತದೆ.

ನಾನು ಮಾಡಿದ ತಪ್ಪು ಏನು ಗೊತ್ತಾ? ಏರಿನಲ್ಲಿ ಬ್ರೇಕ್ ಒತ್ತದೆ ಆಕ್ಸಲರೇಟರ್ ಮೇಲೇ ಕಾರನ್ನು ಹಿಡಿದು ನಿಲ್ಲಿಸಿದ್ದೆ, ಮುಂದಿನ ಕಾರು ಎರಡಡಿ ಸರಿದರೆ ನಾನೂ ಎರಡಡಿ. ಕ್ಲಚ್ ಒಂದು ಕ್ಷಣವೂ ಪೂರ್ತಿ ಹಿಡಿಯಲಿಲ್ಲ, ಪೂರ್ತಿ ಬಿಡಲೂ ಇಲ್ಲ. ದಯವಿಟ್ಟು ಹೀಗೆ ಮಾಡಬೇಡಿ. ಬ್ರೇಕನ್ನು ಗಟ್ಟಿಯಾಗಿ ಒತ್ತಿ ನಿಲ್ಲಿ. ಡಿಸಿಟಿಯಲ್ಲಿ ಬ್ರೇಕ್ ಮೇಲೆ ಸುಮ್ನೆ ಕಾಲಿಟ್ಟರೆ ಸಾಲದು, ಗಟ್ಟಿ ಒತ್ತಿದಾಗಲೇ ಕ್ಲಚ್ ಬಿಡುತ್ತದೆ. ಮುಂದೆ ಒಂದೆರಡು ಕಾರಿನಷ್ಟು ಜಾಗ ಆಗಲಿ, ಆಮೇಲೆ ಒಂದೇ ಸಲ ಹೊರಟು ಮತ್ತೆ ಪೂರ್ತಿ ನಿಲ್ಲಿ. ಹಿಂದಿನವರು ಹಾರ್ನ್ ಹೊಡೆಯುತ್ತಾರೆ, ಹೊಡೆಯಲಿ ಬಿಡಿ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ತಾನೇ ಹಿಡಿಯುವ ಹಿಲ್ ಹೋಲ್ಡ್ ಇದೆ ಅಂತ ಅದನ್ನೇ ನಂಬಬೇಡಿ, ಅದು ಹಿಡಿಯುವುದು ಎರಡು ಮೂರು ಸೆಕೆಂಡ್ ಮಾತ್ರ.

ಜಾಮ್ ಇಲ್ಲದೆ ಏರುವಾಗಲೂ ಗೇರ್ ಪದೇ ಪದೇ ಬದಲಾಗುತ್ತಿದ್ದರೆ ಮ್ಯಾನುಯಲ್ ಮೋಡ್‌ಗೆ ಹಾಕಿ ಎರಡು ಅಥವಾ ಮೂರರಲ್ಲಿ ನಿಲ್ಲಿಸಿಕೊಳ್ಳಿ. ಚೋರ್ಲಾ ಘಾಟಿಯಲ್ಲಿ ಗೋವಾ ಕಡೆಯಿಂದ ಬೆಳಗಾವಿಗೆ ಹತ್ತುವವರಿಗೆ ಇದು ತುಂಬ ಸಹಾಯ, ಅಲ್ಲಿ ತಿರುವು ಮುಗಿಯುವುದೇ ಇಲ್ಲ. ಇಳಿಯುವಾಗಲೂ ಅದೇ ಗೇರ್ ಇರಲಿ, ಬ್ರೇಕಿನ ಭಾರ ಇಳಿಯುತ್ತದೆ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಯುವುದು ಮಾತ್ರ ಬೇಡವೇ ಬೇಡ.

ಎಚ್ಚರಿಕೆ ಬಂದೇ ಬಿಟ್ಟರೆ? ಸುರಕ್ಷಿತ ಜಾಗ ನೋಡಿ ಬದಿಗೆ ನಿಲ್ಲಿಸಿ, ಪಾರ್ಕ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಮುಳ್ಳು ಕೆಂಪಿಗೆ ಹೋಗಿಲ್ಲದಿದ್ದರೆ ಎಂಜಿನ್ ಆಫ್ ಮಾಡಬೇಡಿ. ಟಾರ್ಕ್ ಕನ್ವರ್ಟರ್ ಗೇರ್ ಬಾಕ್ಸಿನ ಎಣ್ಣೆ ಪಂಪ್ ತಿರುಗುವುದು ಎಂಜಿನ್ನಿನಿಂದಲೇ, ಅದು ನಿಂತರೆ ಎಣ್ಣೆ ತಣಿಯಲು ಕೂಲರ್‌ಗೆ ಹೋಗುವುದೂ ನಿಲ್ಲುತ್ತದೆ. ಏಸಿ ಆಫ್ ಮಾಡಿ. ನಮ್ಮ ಡ್ಯಾಶ್‌ಬೋರ್ಡಿನ ಎಚ್ಚರಿಕೆ ಮಾಯವಾಗಲು ಇಪ್ಪತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅಮ್ಮ ಎರಡು ಮಾವಿನಹಣ್ಣು ಹೆಚ್ಚಿದ್ದರು. ಈ ಸಲ ಬೆಳಗ್ಗೆ ಐದಕ್ಕೇ ಹೊರಟೆವು, ಬಿಸಿಲೇರುವ ಮೊದಲೇ ಖಂಬಾಟ್ಕಿ ದಾಟಿ ಸಾತಾರಾದಲ್ಲಿ ಚಹಾ ಕುಡಿದೆವು.